ಟಚಿಂಗ್ ಮೇಷ್ಟ್ರ ಎಡಗೆನ್ನೆ

ನಮ್ಮಣ್ಣನನ್ನು ಬೀದಿಯವರೆಲ್ಲ ಟಚಿಂಗ್ ಮೇಷ್ಟ್ರು ಎಂದು ಕರೆಯುತ್ತಾರೆ. ಅವನು ಯಾವ ಶಾಲೆಯಲ್ಲೂ ಪಾಠ ಹೇಳಿದವನಲ್ಲ. ಫೋಟೋ ಸ್ಟುಡಿಯೋದಲ್ಲಿ ಕುಳಿತು ಬೇರೆಯವರ ಮುಖದ ಮೊಡವೆ, ಮಚ್ಚೆ, ಸುಕ್ಕು, ಕಣ್ಣಿನ ಕೆಳಗಿನ ಕಪ್ಪು ಎಲ್ಲವನ್ನೂ ಒರೆಸಿ ತೆಗೆಯುವ ಕೆಲಸಕ್ಕೆ ಟಚಿಂಗ್ ಎನ್ನುತ್ತಾರೆ. ಮೇಷ್ಟ್ರು ಎನ್ನುವುದು ಅವನ ಜಂಭಕ್ಕೆ ಸಿಕ್ಕ ಬಿರುದು. ಸ್ಟೂಲಿನ ಮೇಲೆ ಕುಳಿತವರಿಗೆ ಗಲ್ಲ ಎತ್ತಿ, ಭುಜ ಇಳಿಸಿ, ಹಲ್ಲು ಕಿರಿಯಬೇಡಿ ಎಂದು ಅವನು ಗದರುವುದನ್ನು ಪರದೆಯ ಈಚೆ ನಿಂತು ಕೇಳಿದವರು ಒಳಗೆ ಯಾವುದೋ ಮಗುವಿಗೆ ಮಗ್ಗಿ ಕಲಿಸುತ್ತಿದ್ದಾನೆ ಎಂದೇ ತಿಳಿಯುತ್ತಾರೆ.

ನಾನು ಅವನ ತಂಗಿ. ಇಪ್ಪತ್ತು ವರ್ಷಗಳಿಂದ ಅದೇ ಸ್ಟುಡಿಯೋದ ಕೌಂಟರಿನಲ್ಲಿ ನಿಂತು ಪಾಸ್‌ಪೋರ್ಟ್ ಸೈಜಿನ ಫೋಟೋಗಳನ್ನು ಕತ್ತರಿಸಿ ಲಕೋಟೆಗೆ ಹಾಕಿ ಕೊಡುತ್ತಿದ್ದೇನೆ. ಒಂದು ಹಾಳೆಯಲ್ಲಿ ಎಂಟು ಮುಖ. ಎಂಟೂ ಒಂದೇ ಮುಖ. ಈ ಊರಿನಲ್ಲಿ ನನ್ನ ಕತ್ತರಿಗೆ ಸಿಗದ ಕಿವಿಗಳು ಕಡಿಮೆ. ಜನ ಫೋಟೋ ಕೈಗೆ ಬಂದ ಕೂಡಲೇ ಮೂಗು ಮುರಿಯುತ್ತಾರೆ, ಇದು ನಾನಲ್ಲ ಎನ್ನುತ್ತಾರೆ. ಅಣ್ಣ ಕಂಪ್ಯೂಟರಿನಲ್ಲಿ ಹತ್ತು ವರ್ಷ ಒರೆಸಿ ಇನ್ನೊಂದು ಕೊಡುತ್ತಾನೆ. ಆಗ ಹೌದು, ಇದು ನಾನೇ ಎಂದು ಬೀಗುತ್ತಾ ಹೋಗುತ್ತಾರೆ. ಈ ವ್ಯಾಪಾರದಲ್ಲಿ ಮನುಷ್ಯರ ಬಗ್ಗೆ ಗೌರವ ಉಳಿಸಿಕೊಳ್ಳುವುದು ಕಷ್ಟ.

ಅಣ್ಣನ ಬಗ್ಗೆಯೂ ಅಷ್ಟೇ. ನಾವು ಸ್ಟುಡಿಯೋ ಹಾಕುವ ಮುಂಚೆ ಅವನು ಇಪ್ಪತ್ತಾರು ವರ್ಷ ದೊಡ್ಡ ಪಾರ್ಕಿನ ಕಾರಂಜಿಯ ಮುಂದೆ ನಿಂತು ಫೋಟೋ ತೆಗೆದವನು. ಬೆಳಿಗ್ಗೆ ಗೇಟು ತೆರೆದಾಗ ಹೋದರೆ ಗೇಟು ಹಾಕುವವರೆಗೆ ಬಿಸಿಲಿನಲ್ಲೇ. ಎಲ್ಲ ಫೋಟೋಗ್ರಾಫರುಗಳೂ ಸೂರ್ಯನನ್ನು ಬೆನ್ನಿಗೆ ಇಟ್ಟುಕೊಂಡು ಗಿರಾಕಿಯ ಮುಖಕ್ಕೆ ಬಿಸಿಲು ಬೀಳಿಸಿದರೆ ಇವನದು ಉಲ್ಟಾ. ಬಿಸಿಲಿಗೆ ಗಿರಾಕಿ ಕಣ್ಣು ಕಿರಿದು ಮಾಡುತ್ತಾನೆ, ಮುಖ ಹುಳಿ ತಿಂದ ಹಾಗೆ ಬರುತ್ತದೆ ಎಂದು ಅವರ ಬೆನ್ನಿಗೆ ಸೂರ್ಯನನ್ನು ಇಟ್ಟು ತಾನು ಎದುರು ನಿಲ್ಲುತ್ತಿದ್ದ. ಕ್ಯಾಮೆರಾವನ್ನು ಬಲಗಣ್ಣಿಗೆ ಒತ್ತಿಕೊಂಡರೆ ಬಲಗೆನ್ನೆಗೆ ಅದರದೇ ನೆರಳು. ಎಡಗೆನ್ನೆ ಮಾತ್ರ ಬೆಂಕಿಗೆ ಹಿಡಿದ ಹಾಗೆ. ಟೋಪಿ ಹಾಕಿಕೋ ಎಂದರೆ ಅದರ ಅಂಚು ಕ್ಯಾಮೆರಾಕ್ಕೆ ತಾಗುತ್ತದೆ ಎನ್ನುತ್ತಿದ್ದ. ಅಂಚು ಹಿಂದಕ್ಕೆ ತಿರುಗಿಸಿಕೋ ಎಂದರೆ ತಾನೇನು ಪಡ್ಡೆ ಹುಡುಗನೇ ಎಂದು ರೇಗುತ್ತಿದ್ದ. ಹೀಗೆ ಸಾವಿರಾರು ಜನರ ಕಣ್ಣು ಅಗಲವಾಗಿ ಬಂದವು, ನಮ್ಮಣ್ಣನ ಎಡಗೆನ್ನೆ ಒಣಗಿದ ಹಲಗೆಯಾಯಿತು.

ಆ ಕೆನ್ನೆಯ ಮೇಲೆ, ಕಣ್ಣಿನ ಹೊರಮೂಲೆಗಿಂತ ಎರಡು ಬೆರಳು ಕೆಳಗೆ, ಒಂದು ಕಂದು ಕಲೆ ಇತ್ತು. ಎಂದಿನಿಂದ ಇತ್ತು ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಲೆ ಎಂದರೆ ಚಪ್ಪಟೆ; ಮುಟ್ಟಿದರೆ ಕೈಗೆ ಏನೂ ಸಿಗುತ್ತಿರಲಿಲ್ಲ. ನೋವಿಲ್ಲ, ತುರಿಕೆಯಿಲ್ಲ, ರಕ್ತವಿಲ್ಲ. ಅವನ ಹಣೆಯ ಮೇಲೂ ಕೈಗಳ ಮೇಲೂ ವಯಸ್ಸಿನ ಕಲೆಗಳು ಬೇಕಾದಷ್ಟಿದ್ದವು. ಅವುಗಳ ಜೊತೆಗೆ ಇದೊಂದು ಎಂದು ನಾವು ಕಣ್ಣು ಹಾಯಿಸಿ ಸುಮ್ಮನಾಗುತ್ತಿದ್ದೆವು.

ಅವನು ಮಾತ್ರ ಸುಮ್ಮನಿರುತ್ತಿರಲಿಲ್ಲ. ತನ್ನ ಫೋಟೋ ಎಲ್ಲಿ ಬೇಕಾದರೂ ಮೊದಲು ಆ ಕಲೆ ಒರೆಸುತ್ತಿದ್ದ. ಲೈಸೆನ್ಸಿನಲ್ಲಿ ಕಲೆ ಇಲ್ಲ. ಫೋಟೋಗ್ರಾಫರುಗಳ ಸಂಘದ ಕಾರ್ಡಿನಲ್ಲಿ ಇಲ್ಲ. ನಡುಮನೆಯಲ್ಲಿ ಅತ್ತಿಗೆಯ ಜೊತೆ ತೆಗೆಸಿಕೊಂಡ ದೊಡ್ಡ ಫೋಟೋದಲ್ಲಂತೂ ಅವನ ಕೆನ್ನೆ ಹೊಸ ತಟ್ಟೆಯ ಹಾಗೆ ಹೊಳೆಯುತ್ತದೆ. ಅತ್ತಿಗೆಯ ಗಲ್ಲದ ಮಚ್ಚೆಯನ್ನೂ ಬಿಟ್ಟಿರಲಿಲ್ಲ.

"ನನ್ನ ಮಚ್ಚೆ ಎಲ್ಲಿ ಹೋಯ್ತುರೀ?" ಎಂದು ಅತ್ತಿಗೆ ಕೇಳಿದರೆ, "ಅದು ಧೂಳು ಅಂದ್ಕೊಂಡೆ" ಎಂದ.

ಮದುವೆಯಾಗಿ ನಲವತ್ತೆರಡು ವರ್ಷವಾಗಿತ್ತು ಆಗ. ಅತ್ತಿಗೆ ಎರಡು ದಿನ ಮಾತು ಬಿಟ್ಟಿದ್ದರು.

ನಡುವೆ ಒಮ್ಮೆ ಬೀದಿ ಕೊನೆಯ ಔಷಧಿ ಅಂಗಡಿಯವನು ಇವನಿಗೆ ಬಿಳುಪಿನ ಕ್ರೀಮು ಹಿಡಿಸಿದ. ಆ ಮಹಾಶಯ ತಲೆನೋವಿಗೂ ಮುಖಕ್ಕೂ ಮಂಡಿಗೂ ಒಂದೇ ಧೈರ್ಯದಿಂದ ಔಷಧಿ ಕೊಡುವವನು. ಅಣ್ಣ ಆರು ತಿಂಗಳು ಬಳಿದುಕೊಂಡ. ಕಲೆಯ ನಡುಭಾಗ ಸ್ವಲ್ಪ ಮಾಸಿತು, ಅಂಚು ಹಾಗೆಯೇ ಉಳಿಯಿತು. "ನೋಡಿದ್ಯಾ, ಹೋಗ್ತಾ ಇದೆ" ಎಂದು ನನ್ನ ಮುಂದೆ ಕೆನ್ನೆ ತಿರುಗಿಸಿದ. ನಾನು ಆಗ ಯಾರದೋ ಕಿವಿ ಕತ್ತರಿಸುತ್ತಿದ್ದೆ. ಹೂಂ ಎಂದೆ, ನೋಡಲಿಲ್ಲ.

ಕೊನೆಗೆ ಅವನು ಡಾಕ್ಟರ ಬಳಿ ಹೋದದ್ದು ಕನ್ನಡಕದ ನಂಬರು ಬದಲಿಸಲು. ಕಣ್ಣಿನ ಡಾಕ್ಟರು ಅವನ ಗಲ್ಲವನ್ನು ಯಂತ್ರದ ಮೇಲೆ ಇಡಿಸಿ, ದೀಪ ಬಿಟ್ಟು, ಕಣ್ಣು ನೋಡುವ ಬದಲು ಕೆನ್ನೆ ನೋಡಿದರಂತೆ. ಒಂದು ಚೀಟಿ ಬರೆದು, ಚರ್ಮದ ಡಾಕ್ಟರಿಗೆ ತೋರಿಸಿ, ತಡ ಮಾಡಬೇಡಿ ಎಂದರಂತೆ. ಇವನು ಕನ್ನಡಕ ಮಾಡಿಸಿಕೊಂಡ; ಚೀಟಿಯನ್ನು ಅಂಗಿಯ ಜೇಬಿಗೆ ಹಾಕಿ ಮರೆತ. ಮರೆತನೋ, ಮರೆತ ಹಾಗೆ ಆಡಿದನೋ, ಅದು ಅವನಿಗೇ ಗೊತ್ತಿರಲಿಕ್ಕಿಲ್ಲ. ಅಂಗಿ ನೆನೆಹಾಕುವಾಗ ಅತ್ತಿಗೆಗೆ ಚೀಟಿ ಸಿಕ್ಕಿತು. ಅವರು ಅದನ್ನು ಹಿಡಿದುಕೊಂಡು ಒದ್ದೆ ಕೈಯಲ್ಲೇ ಸ್ಟುಡಿಯೋಗೆ ಬಂದರು.

"ಇವ್ರನ್ನ ನೀನೇ ಕರ್ಕೊಂಡು ಹೋಗು. ನಾನು ಹೇಳಿದ್ರೆ ಕಿವಿಗೇ ಹಾಕ್ಕೊಳಲ್ಲ" ಎಂದರು.

ಹೊರಡುವ ದಿನ ಮೇಷ್ಟ್ರು ಚಪ್ಪಲಿ ಹುಡುಕತೊಡಗಿದರು. ಬಾಗಿಲ ಹಿಂದೆ ನೋಡಿದರು, ಸ್ಟೂಲಿನ ಕೆಳಗೆ ನೋಡಿದರು, ಸ್ಟುಡಿಯೋ ದೀಪಗಳ ಛತ್ರಿಗಳ ಹಿಂದೆ ನೋಡಿದರು. ಎಪ್ಪತ್ತೊಂದು ವರ್ಷದ ಗಂಡಸು, ಅರ್ಧ ಗಂಟೆ ಬೇಕಾಯಿತು ಸ್ವಾಮಿ, ಕಾಲಬುಡದಲ್ಲಿದ್ದ ಚಪ್ಪಲಿ ಕಾಣಲು.

ಚರ್ಮದ ಡಾಕ್ಟರು ನನ್ನ ಮಗಳ ವಯಸ್ಸಿನ ಹೆಂಗಸು. ಸಣ್ಣ ಕೋಣೆ, ಗೋಡೆಗೆ ಒಂದು ತೂಕದ ಪಟ್ಟಿ, ಕೈ ತೊಳೆಯುವ ಬೇಸಿನ್ನು, ತೀಕ್ಷ್ಣವಾದ ಒಂದು ದೀಪ. ದೀಪ ಕಂಡ ಕೂಡಲೇ ಅಣ್ಣ, ಇದು ಎಡಗಡೆಯಿಂದ ಬಂದರೆ ಒಳ್ಳೆಯದು ಎಂದು ಅವರಿಗೇ ಪಾಠ ಶುರು ಮಾಡಿದ. ಡಾಕ್ಟರು ನಕ್ಕು, ಬೆಳಕು ಬರುವ ಒಂದು ಚಿಕ್ಕ ಮಸೂರವನ್ನು ಕೆನ್ನೆಗೆ ಒತ್ತಿ ಬಹಳ ಹೊತ್ತು ನೋಡಿದರು. ನಗು ನಿಂತಿತು.

"ಇದು ಎಷ್ಟು ವರ್ಷದಿಂದ ಇದೆ?" ಎಂದು ಕೇಳಿದರು.

"ವರ್ಷ ಏನೂ ಇಲ್ಲ. ಮೂರು ತಿಂಗಳು ಇರಬಹುದು."

"ಅದಕ್ಕೆ ಮುಂಚೆ?"

"ಇರ್ಲೇ ಇಲ್ಲ. ಬೇಕಾದ್ರೆ ನೋಡಿ." ಅಣ್ಣ ಜೇಬಿನಿಂದ ಸಂಘದ ಕಾರ್ಡು ತೆಗೆದು ಮೇಜಿನ ಮೇಲಿಟ್ಟ. "ಇದು ಎರಡು ವರ್ಷದ ಹಿಂದಿಂದು. ಎಲ್ಲಿದೆ ಕಲೆ?"

ಅವನು ಸುಳ್ಳು ಹೇಳಿ ಅವರ ಕಣ್ಣಿಗೆ ಮಣ್ಣೆರಚುತ್ತಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಅವನು ನಿಜವೆಂದೇ ಹೇಳುತ್ತಿದ್ದ! ತನ್ನ ಕೈಯಾರೆ ಒರೆಸಿದ ಫೋಟೋವನ್ನು ತಾನೇ ನಂಬಿ ಕುಳಿತಿದ್ದ. ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ಕಾಣುವ ಮುಖ ಅವನ ಲೆಕ್ಕದಲ್ಲಿ ಇನ್ನೂ ಟಚಿಂಗ್ ಆಗದ ಕಚ್ಚಾ ಮಾಲು. ನಿಜವಾದ ಮುಖ ಕಾರ್ಡಿನಲ್ಲಿತ್ತು. ಊರಿನವರಿಗೆಲ್ಲ ಇಂಥ ಮೋಸ ಮಾರಿದವನು ಕೊನೆಗೆ ತಾನೇ ಅದಕ್ಕೆ ಗಿರಾಕಿಯಾಗಿದ್ದ.

ಡಾಕ್ಟರು ಸಮಾಧಾನದಿಂದ ಹೇಳಿದರು: "ಬೇರೆ ಕಲೆಗಳೆಲ್ಲ ಒಂದೇ ಬಣ್ಣ ಇವೆ, ಅಂಚು ಸರಿಯಾಗಿದೆ. ಇದರಲ್ಲಿ ತಿಳಿ ಕಂದು, ಕಡು ಕಂದು, ಕಪ್ಪು, ಬೂದು ಎಲ್ಲಾ ಇದೆ. ಅಂಚು ಒಂದೊಂದು ಕಡೆ ಒಂದೊಂದು ಥರ ಇದೆ. ನನಗೆ ಅನುಮಾನ ಇದೆ. ಎರಡು ಕಡೆ ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸೋಣ."

"ಯಾವ ಅನುಮಾನ?" ಎಂದು ನಾನು ಕೇಳಿದೆ.

"ಒಂದು ಥರದ ಚರ್ಮದ ಕ್ಯಾನ್ಸರ್. ಬಿಸಿಲಲ್ಲಿ ಬಾಳಿದ ವಯಸ್ಸಾದವರ ಮುಖದಲ್ಲಿ ಬರುತ್ತೆ. ಬಹಳ ನಿಧಾನ. ವರ್ಷಗಟ್ಟಲೆ ಮೇಲ್ಪದರದಲ್ಲೇ ಹರಡ್ತಾ ಇರುತ್ತೆ. ಆಗ ತೆಗೆದ್ರೆ ಮುಗೀತು. ಕೆಳಗೆ ಇಳಿದ್ರೆ ಮಾತ್ರ ಜೀವಕ್ಕೇ ಕಷ್ಟ. ಯಾವತ್ತು ಇಳಿಯುತ್ತೆ ಅಂತ ಯಾರಿಗೂ ಹೇಳಕ್ಕಾಗಲ್ಲ."

ಅಣ್ಣ ಎದ್ದು ನಿಂತು ಕಾರ್ಡನ್ನು ಜೇಬಿಗೆ ಹಾಕಿಕೊಂಡ. "ಅದು ನಿಧಾನವಾಗಿ ಬೆಳೆಯುತ್ತೆ ಅಂತೀರಿ. ನನ್ನದು ಮೂರು ತಿಂಗಳಲ್ಲಿ ಬಂದಿದ್ದು. ಹಾಗಾದ್ರೆ ಇದು ಅದಲ್ಲ" ಎಂದ. ಮುಖಕ್ಕೆ ಕತ್ತರಿ ಹಾಕಲು ಬಿಡುವುದಿಲ್ಲ ಎಂದೂ ಹೇಳಿದ.

"ತಿದ್ದದೇ ಇರೋ ಹಳೇ ಫೋಟೋ ಇದ್ರೆ ತನ್ನಿ" ಎಂದು ಡಾಕ್ಟರು ಅವನಿಗಲ್ಲ, ನನಗೆ ಹೇಳಿದರು. "ಫೋಟೋ ಸಿಗದಿದ್ರೂ ಪರವಾಗಿಲ್ಲ, ಇವರನ್ನ ಮಾತ್ರ ಬೇಗ ಕರ್ಕೊಂಡು ಬನ್ನಿ."

ತಿದ್ದದ ಫೋಟೋ! ಅಣ್ಣನ ಮನೆಯಲ್ಲಿ! ನಾನು ಮೂರು ದಿನ ಆಲ್ಬಮ್ಮು ಜಾಲಾಡಿದೆ. ಮದುವೆ, ಮುಂಜಿ, ಪ್ರವಾಸ, ಗುಂಪು ಫೋಟೋ, ಎಲ್ಲಿ ನೋಡಿದರೂ ಅದೇ ತೊಳೆದ ತಟ್ಟೆ. ಅತ್ತಿಗೆ ದಿನಕ್ಕೆ ಹತ್ತು ಸಲ ಬಂದು ಸಿಕ್ಕಿತೇ ಎಂದು ಕೇಳುತ್ತಿದ್ದರು. ಅಣ್ಣನಿಗೆ ಮಾತ್ರ ಕೊಂಬು ಬಂದಿತ್ತು. ಬಂದ ಗಿರಾಕಿಗಳಿಗೆಲ್ಲ ಡಾಕ್ಟರುಗಳ ಅಜ್ಞಾನದ ಬಗ್ಗೆ ಭಾಷಣ ಬಿಗಿಯುತ್ತಿದ್ದ. ಅವರು ತಮ್ಮ ಮುಖವಷ್ಟೇ ನೋಡಿಕೊಳ್ಳುವವರಾದ್ದರಿಂದ ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು.

ನಾಲ್ಕನೆಯ ದಿನ ಪ್ರಿಂಟರಿಗೆ ಹೊಸ ಪೇಪರ್ ರೋಲು ಹಾಕಿದೆವು. ನಮ್ಮಲ್ಲಿ ಒಂದು ಪದ್ಧತಿ ಇದೆ. ಹೊಸ ರೋಲು ಹಾಕಿದರೆ, ದೀಪ ಬದಲಿಸಿದರೆ, ಗಿರಾಕಿಯ ಫೋಟೋ ತೆಗೆಯುವ ಮುಂಚೆ ಒಂದು ಟೆಸ್ಟ್ ತೆಗೆಯಬೇಕು. ಅಣ್ಣ ಸ್ಟೂಲಿನ ಮೇಲೆ ಕುಳಿತು ಗಲ್ಲದ ಕೆಳಗೆ ಒಂದು ಬೂದು ಬಣ್ಣದ ಕಾರ್ಡು ಹಿಡಿದುಕೊಳ್ಳುತ್ತಾನೆ, ನಾನು ಗುಂಡಿ ಒತ್ತುತ್ತೇನೆ. ಪ್ರಿಂಟು ಬಂದ ಮೇಲೆ ಅವನು ಆ ಬೂದು ಕಾರ್ಡಿನ ಬಣ್ಣ ಸರಿಯಾಗಿ ಬಂದಿದೆಯೇ ಎಂದು ನೋಡುತ್ತಾನೆ. ಕಾರ್ಡು ಸರಿಯಿದ್ದರೆ ಎಲ್ಲ ಮುಖವೂ ಸರಿ. ಫೋಟೋ ಯಾರಿಗೂ ಕೊಡುವುದಲ್ಲವಾದ್ದರಿಂದ ಟಚಿಂಗ್ ಇಲ್ಲ. ನಾನು ಹಿಂದೆ ತಾರೀಕು ಬರೆದು ಖಾಲಿ ಪೇಪರಿನ ಡಬ್ಬಿಯಲ್ಲಿ ಹಾಕುತ್ತೇನೆ.

ಆವತ್ತೂ ಅಣ್ಣ ಕುಳಿತ, ನಾನು ಒತ್ತಿದೆ, ಅವನು ಕಾರ್ಡಿನ ಬೂದು ನೋಡಿ ತಲೆದೂಗಿದ. ನಾನು ತಾರೀಕು ಬರೆದು ಡಬ್ಬಿಯ ಮುಚ್ಚಳ ತೆಗೆದೆ. ಒಳಗೆ ಮೇಲೆಯೇ ಇದ್ದ ಹಿಂದಿನ ಟೆಸ್ಟಿನಿಂದ ಅಣ್ಣ ನನ್ನನ್ನು ನೋಡುತ್ತಿದ್ದ. ಕೆನ್ನೆಯ ಮೇಲೆ ಕಲೆ. ಅದರ ಕೆಳಗೆ ಇನ್ನೊಂದು ಫೋಟೋ. ಕಲೆ.

ನಾನು ಇಡೀ ಡಬ್ಬಿಯನ್ನು ಕೌಂಟರಿನ ಗಾಜಿನ ಮೇಲೆ ಸುರಿದೆ. ವರ್ಷಕ್ಕೆ ಒಂದರಂತೆ ಆರಿಸಿ ಸಾಲಾಗಿ ಜೋಡಿಸಿದೆ. ಹನ್ನೊಂದು ಫೋಟೋ. ಅದೇ ಸ್ಟೂಲು, ಅದೇ ದೂರ, ಅದೇ ಬೂದು ಕಾರ್ಡು. ಮೊದಲನೆಯದರಲ್ಲಿ ಕಲೆ ಅಂಗಿಯ ತೋಳಿನ ಗುಂಡಿಯಷ್ಟು, ತಿಳಿ ಚಹಾ ಚೆಲ್ಲಿದ ಹಾಗೆ. ನಾಲ್ಕನೆಯದರಲ್ಲಿ ಕಿವಿಯ ಕಡೆ ಒಂದು ಬಾಲ. ಏಳನೆಯದರಲ್ಲಿ ಒಳಗೆ ಕಡು ಬಣ್ಣದ ಚುಕ್ಕೆಗಳು. ಒಂಬತ್ತನೆಯದರಲ್ಲಿ ಕ್ರೀಮಿನ ಕೃಪೆಯಿಂದ ನಡುವೆ ಮಾಸಲು, ಸುತ್ತ ಹರಿದ ಅಂಚು. ಹನ್ನೊಂದನೆಯದರಲ್ಲಿ ದೊಡ್ಡ ನಾಣ್ಯದಷ್ಟಾಗಿ, ಒಂದು ಮೂಲೆ ಮಸಿಯಷ್ಟು ಕಪ್ಪಾಗಿ, ಕಣ್ಣಿನ ಕಡೆಗೆ ಹತ್ತಿತ್ತು.

"ಅಣ್ಣಾ, ಇಲ್ಲಿ ಬಾ" ಎಂದೆ.

ಅವನು ಬಂದು ಸಾಲನ್ನು ನೋಡಿದ. "ಈ ಐದನೇದರಲ್ಲಿ ಹಸಿರು ಜಾಸ್ತಿ ಬಂದಿದೆ" ಎಂದ.

ನನಗೆ ತಲೆ ಚಿಟ್ಟು ಹಿಡಿಯಿತು. "ಕಾರ್ಡು ನೋಡಿದ್ದು ಸಾಕು! ಮುಖ ನೋಡು! ಹನ್ನೊಂದು ವರ್ಷ ಆ ಬೂದು ರಟ್ಟು ನೋಡ್ದೆಯಲ್ಲೋ, ಅದರ ಮೇಲೆ ಒಂದು ಮುಖ ಇದೆ, ಅದನ್ನ ನೋಡು!"

ಅವನು ದೊಡ್ಡದಾಗಿ ಕಾಣಿಸುವ ತನ್ನ ಗಾಜನ್ನು ತೆಗೆದು ಮೊದಲ ಫೋಟೋದ ಮೇಲಿಟ್ಟ. ಬಗ್ಗಿ ನೋಡಿದ. ಎರಡನೆಯದಕ್ಕೆ ಜರುಗಿಸಿದ. ಗಿರಾಕಿಗಳ ಮುಖದಲ್ಲಿ ಕೂದಲೆಳೆಯಷ್ಟು ಗೆರೆಯನ್ನೂ ಬಿಡದ ಕಣ್ಣು ಅದು. ಹನ್ನೊಂದನೆಯದನ್ನು ನೋಡಿ ಮುಗಿಸಿದವನು ಗಾಜನ್ನು ಮತ್ತೆ ಮೊದಲನೆಯದಕ್ಕೆ ತಂದ.

"ಇದನ್ನ ನಾನೇ ಎಷ್ಟು ಸಲ ಒರೆಸಿದೀನಿ" ಎಂದ. "ಒಂದೊಂದು ಸಲಾನೂ ಸ್ವಲ್ಪ ಜಾಸ್ತಿ ಹೊತ್ತು ಹಿಡೀತಿತ್ತು. ಕಂಪ್ಯೂಟರ್ ನಿಧಾನ ಆಗಿದೆ ಅಂದ್ಕೊಂಡಿದ್ದೆ."

ನಾನು ಅವನನ್ನು ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಒಂದು ಫೋಟೋ ಮಗುಚಿ ಬಿತ್ತು. ಹಿಂದೆ ತಾರೀಕು. ನನ್ನ ಕೈಬರಹ. ಹನ್ನೊಂದರ ಹಿಂದೆಯೂ ನನ್ನದೇ ಕೈಬರಹ, ದುಂಡಗೆ, ಚೆಂದಕ್ಕೆ. ಇವನಾದರೂ ಕಾರ್ಡು ನೋಡಿದ. ನಾನು ನೋಡಿದ್ದು ಫೋಟೋದ ಬೆನ್ನು. ಕ್ಯಾನ್ಸರ್ ಬೆಳೆಯುವುದನ್ನು ಇಷ್ಟು ಅಚ್ಚುಕಟ್ಟಾಗಿ ತಾರೀಕು ಹಾಕಿ ಜೋಡಿಸಿಟ್ಟ ತಂಗಿ ಇನ್ನೊಬ್ಬಳು ಇರಲಾರಳು.

ಅವನಿಗೆ ಹೆದರಿಕೆಯಿದ್ದದ್ದು ಸಾವಿನದಲ್ಲ ಎಂದು ಆಮೇಲೆ ತಿಳಿಯಿತು. "ಕೆನ್ನೆ ಕಿತ್ತು ಹಾಕಿದ್ರೆ ಜನರ ಎದುರಿಗೆ ನಿಂತು ಗಲ್ಲ ಎತ್ತಿ ಅಂತ ಹೇಗೇ ಹೇಳ್ಲಿ? ನನ್ನನ್ನ ನೋಡಿ ನಗ್ತಾರೆ" ಎಂದ. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಇದು ಚಿಂತೆ! ನಿನ್ನ ಮುಖ ನೋಡಲು ಯಾರೂ ಬರುತ್ತಿಲ್ಲ, ಅವರವರ ಮುಖಕ್ಕೆ ಬರುತ್ತಾರೆ ಎಂದೆ. ಒರಟಾಗಿಯೇ ಹೇಳಿದೆ. ಮೆತ್ತಗೆ ಹೇಳಿದ್ದರೆ ಅತ್ತುಬಿಡುತ್ತಿದ್ದೆ.

ಡಾಕ್ಟರು ಹನ್ನೊಂದು ಫೋಟೋಗಳನ್ನು ಮೇಜಿನ ಮೇಲೆ ಸಾಲಾಗಿಟ್ಟುಕೊಂಡು ಪಕ್ಕದ ಕೋಣೆಯ ಇಬ್ಬರು ಡಾಕ್ಟರುಗಳನ್ನೂ ಕರೆದರು. "ಒಂದೇ ಬೆಳಕು, ಒಂದೇ ದೂರ. ಆಸ್ಪತ್ರೆಯಲ್ಲೂ ಇಷ್ಟು ಚೆನ್ನಾಗಿ ಇಡಲ್ಲ" ಎಂದರು. ಅಣ್ಣ ಆ ಸ್ಥಿತಿಯಲ್ಲೂ ಸ್ವಲ್ಪ ಬೀಗಿದ. ನಾನು ಅವನ ಕಾಲು ತುಳಿದೆ.

ಚೂರು ತೆಗೆದರು. ಹತ್ತು ದಿನಕ್ಕೆ ವರದಿ ಬಂತು: ಅದೇ ಕ್ಯಾನ್ಸರ್. ಬಹುಪಾಲು ಇನ್ನೂ ಮೇಲ್ಪದರದಲ್ಲಿದೆ. ಆ ಕಪ್ಪು ಮೂಲೆಯಲ್ಲಿ ಮಾತ್ರ ಕೆಳಗೆ ಇಳಿಯಲು ಶುರುಮಾಡಿದೆ, ಒಂದು ಮಿಲಿಮೀಟರಿಗೂ ಕಡಿಮೆ. ಇನ್ನೊಂದೆರಡು ರೋಲು ಮುಗಿಯುವವರೆಗೆ ಕಾದಿದ್ದರೆ ಏನಾಗುತ್ತಿತ್ತೋ ಎಂದು ನಾನು ಕೇಳಲಿಲ್ಲ, ಡಾಕ್ಟರು ಹೇಳಲಿಲ್ಲ. ಕಲೆಯನ್ನೂ ಅದರ ಸುತ್ತಲಿನ ಚರ್ಮವನ್ನೂ ತೆಗೆದರು. ಅಂಚಿನಲ್ಲಿ ರೋಗ ಉಳಿದಿಲ್ಲ ಎಂದು ಪರೀಕ್ಷೆಯಲ್ಲಿ ತಿಳಿಯುವವರೆಗೆ ಗಾಯಕ್ಕೆ ಬರೀ ಪಟ್ಟಿ ಕಟ್ಟಿಟ್ಟರು. ಆಮೇಲೆ ಕಿವಿಯ ಹಿಂದಿನ ಚರ್ಮ ತಂದು ಮುಚ್ಚಿದರು. ಕೆನ್ನೆಯ ಮೇಲೆ ಬೇರೆ ಬಟ್ಟೆಯ ತೇಪೆ ಹಾಕಿದ ಹಾಗೆ ಒಂದು ಗುರುತು ಉಳಿಯಿತು. ಎಡಗಣ್ಣಿನ ಕೆಳರೆಪ್ಪೆ ಸ್ವಲ್ಪ ಜಗ್ಗಿದೆ.

ಸಂಘದಿಂದ ನೋಡಲು ಬಂದ ಒಬ್ಬ ಹಿರಿಯರು, "ಏನೂ ಯೋಚನೆ ಮಾಡ್ಬೇಡಿ ಮೇಷ್ಟ್ರೇ, ಫೋಟೋದಲ್ಲಿ ಸರಿ ಮಾಡ್ಕೋಬಹುದು" ಎಂದರು. ಅವರನ್ನು ಅತ್ತಿಗೆ ನೀರೂ ಕೊಡದೆ ಕಳಿಸಿದರು.

ಇಷ್ಟಾದ ಮೇಲೆ ಅಣ್ಣ ಬುದ್ಧಿ ಕಲಿತ, ಮುಖ ಒರೆಸುವುದನ್ನು ಬಿಟ್ಟ ಎಂದು ಯಾರಾದರೂ ತಿಳಿದಿದ್ದರೆ ಅವರಿಗೆ ನಮ್ಮಣ್ಣ ಗೊತ್ತಿಲ್ಲ. ತಿಂಗಳೊಳಗೆ ಸ್ಟೂಲಿನ ಎದುರು ನಿಂತು ಗದರತೊಡಗಿದ. ಈಗ ಜಂಭ ಹೊಲಿಗೆಯ ಬಗ್ಗೆ. ಕುಳಿತವರಿಗೆಲ್ಲ ಕೆನ್ನೆ ತಿರುಗಿಸಿ, "ಎಷ್ಟು ಸಣ್ಣ ಹೊಲಿಗೆ ನೋಡಿ, ಮೂವತ್ತೆಂಟು ಇದೆ" ಎಂದು ತೋರಿಸುತ್ತಾನೆ. ವಯಸ್ಸಾದವರ ಮುಖದಲ್ಲಿ ಬಣ್ಣಬಣ್ಣದ ಕಲೆ ಕಂಡರೆ ಒರೆಸದ ಒಂದು ಪ್ರಿಂಟನ್ನೂ ಲಕೋಟೆಗೆ ಹಾಕಿ, ಇದನ್ನು ಡಾಕ್ಟರಿಗೆ ತೋರಿಸಿ ಎನ್ನುತ್ತಾನೆ. ಅರ್ಧ ಜನ ಅದನ್ನು ಮೆಟ್ಟಿಲಲ್ಲೇ ಹರಿದು ಬಿಸಾಡುತ್ತಾರೆ. ಗುಡಿಸುವವಳು ನಾನೇ.

ಎರಡು ವರ್ಷವಾಯಿತು. ಆರು ತಿಂಗಳಿಗೊಮ್ಮೆ ಡಾಕ್ಟರಿಗೆ ತೋರಿಸಿ ಬರುತ್ತೇವೆ. ಇಂಥದ್ದು ತೆಗೆದ ಜಾಗದ ಅಂಚಿನಲ್ಲಿ ಮತ್ತೆ ಬರಬಹುದು, ಕಣ್ಣಿಟ್ಟಿರಿ ಎಂದು ಅವರು ಪ್ರತಿ ಸಲ ಹೇಳುತ್ತಾರೆ. ಪ್ರತಿ ಸಲ ಹೊರಡುವಾಗ ಚಪ್ಪಲಿ ಕಳೆದುಹೋಗುತ್ತದೆ.

ಹೋದ ವಾರ ಹೊಸ ರೋಲು ಹಾಕಿದೆವು. ಅಣ್ಣ ಸ್ಟೂಲಿನ ಮೇಲೆ ಕುಳಿತು ಬೂದು ಕಾರ್ಡು ಹಿಡಿದ, ನಾನು ಒತ್ತಿದೆ. ಪ್ರಿಂಟು ಬಂತು. ಈಗೆಲ್ಲ ನಾನು ಬೆನ್ನಿಗೆ ಬರೆಯುವ ಮುಂಚೆ ಮುಖ ನೋಡುತ್ತೇನೆ. ಕಿಟಕಿಯ ಬಳಿ ಹಿಡಿದು ನೋಡಿದೆ. ತೇಪೆಯ ಹೊರಗೆ, ಕಿವಿಯ ಕಡೆಯ ಅಂಚಿನಲ್ಲಿ, ಪೆನ್ಸಿಲನ್ನು ಅಡ್ಡ ಹಿಡಿದು ಒಮ್ಮೆ ಉಜ್ಜಿದ ಹಾಗೆ ತೆಳ್ಳನೆಯ ಕಂದು. ಡಬ್ಬಿಯಿಂದ ಹಿಂದಿನದನ್ನು ತೆಗೆದು ಪಕ್ಕದಲ್ಲಿ ಇಟ್ಟೆ. ಅದರಲ್ಲಿ ಅಲ್ಲಿ ಏನೂ ಇರಲಿಲ್ಲ.

ಅಣ್ಣ ಬಂದು ನನ್ನ ಪಕ್ಕದಲ್ಲಿ ನಿಂತ. ಕಾರ್ಡಿನ ಬೂದು ನೋಡುತ್ತಾನೆ ಎಂದುಕೊಂಡೆ. ಅವನು ಬೆರಳನ್ನು ನೇರವಾಗಿ ಆ ಕಂದಿನ ಮೇಲೆ ಇಟ್ಟ.

"ಎಡಗಡೆ ಲೈಟು ಸ್ವಲ್ಪ ಕೆಳಗಿತ್ತು, ಅದರ ನೆರಳಿರಬೇಕು" ಎಂದ.

"ಹಾಗಾದ್ರೆ ಹೋದ ಸಲದ ಫೋಟೋದಲ್ಲಿ ಯಾಕೆ ಇಲ್ಲ?" ಎಂದೆ.

ಇವನ ಜೊತೆ ಇನ್ನೂ ಹನ್ನೊಂದು ವರ್ಷ ವಾದ ಮಾಡಬೇಕಲ್ಲ ಎಂದುಕೊಂಡೆ. ತಲೆ ಬಗ್ಗಿಸಿ ಪೆನ್ನು ತೆಗೆದುಕೊಂಡೆ. ಹೊಸದರ ಹಿಂದೆ ತಾರೀಕು ಬರೆಯುವಾಗ ಈ ಸಲ ನನ್ನ ಅಕ್ಷರ ಸೊಟ್ಟಗಾಯಿತು. ಎರಡೂ ಫೋಟೋಗಳನ್ನು ಲಕೋಟೆಗೆ ಹಾಕಿ, ಬೈಯಲು ಸಿದ್ಧಳಾಗಿಯೇ ತಲೆಯೆತ್ತಿದೆ.

ಅವನು ಆಗಲೇ ಚಪ್ಪಲಿ ಮೆಟ್ಟಿಕೊಂಡು, ಸ್ಟುಡಿಯೋದ ಬೀಗ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ.